ನಮ್ಮೂರಿನ ‘ಸದಾರಮೆ’ಯೂ ಸಹಕಾರ ತತ್ತ್ವವೂ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸಾಂಸ್ಕೃತಿಕ ಸಂಜೆಯಲ್ಲಿ, ನಾಟಕ ಆರಂಭವಾಗುವ ಮುನ್ನ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಸಂಘದ ವರದಿಯನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ಲೀಟರು, ಫ್ಯಾಟು, ಬೋನಸ್ಸು ಎಲ್ಲದರ ಲೆಕ್ಕ ನಿಮಗೆ ಒಪ್ಪಿಸಿಯಾಗಿದೆ. ನಮಗೆ ವಹಿಸಿರುವುದು ನಾಟಕದ ವಿಷಯ. ಇನ್ನರ್ಧ ಗಂಟೆಯಲ್ಲಿ ಇದೇ ವೇದಿಕೆಯ ಮೇಲೆ ನಮ್ಮ ತಂಡದವರು ‘ಸದಾರಮೆ’ ಆಡಲಿದ್ದಾರೆ. ಈ ಹಳೇ ಸಂಗೀತ ನಾಟಕವನ್ನು ಹುಡುಕಿಕೊಂಡು ಹೋಗಿ ತಂದದ್ದು ಯಾಕೆ, ಕಟ್ಟಿದ್ದು ಹೇಗೆ ಎಂದು ಎರಡು ಮಾತು ಹೇಳಬೇಕೆಂದು ಆಡಳಿತ ಮಂಡಳಿಯ ಅಪ್ಪಣೆಯಾಗಿದೆ. ನಾವು ಭಾಷಣಕಾರರಲ್ಲ. ಬಣ್ಣ ಹಚ್ಚಿದರೆ ಮಾತು ಬರುತ್ತದೆ, ಹಚ್ಚದಿದ್ದರೆ ತಡವರಿಸುತ್ತೇವೆ. ತಾವು ಸಹಿಸಿಕೊಳ್ಳಬೇಕು.

ಮೊದಲು ಒಂದು ಲೆಕ್ಕ ಒಪ್ಪಿಸಿಬಿಡುತ್ತೇವೆ. “ಹಾಲಿನ ದುಡ್ಡಿನಲ್ಲಿ ನಾಟಕ ಆಡ್ತಾರಂತೆ” ಅಂತ ಊರಲ್ಲಿ ಒಂದು ಮಾತು ಓಡಾಡಿತು. ಹೇಳಿದವರ ಮೇಲೆ ನಮಗೆ ಕೋಪವಿಲ್ಲ. ಹಾಲಿನ ದುಡ್ಡು ಎಂದರೆ ಬೆಳಗಿನ ಜಾವ ಎದ್ದು ಸಗಣಿ ಬಾಚಿದವರ ಬೆವರು. ಅದರ ಬಗ್ಗೆ ಕೇಳುವ ಹಕ್ಕು ಪ್ರತಿ ಸದಸ್ಯನಿಗೂ ಇದೆ. ಆದರೆ ಸಂಘದ ಯಾವ ನಿಧಿಯಿಂದಲೂ ನಾಟಕಕ್ಕೆ ಒಂದು ಪೈಸೆ ಬಂದಿಲ್ಲ. ಸಂಜೆ ಹಾಲು ಅಳೆದು ಮುಗಿದ ಮೇಲೆ ಪ್ರಾಕ್ಟೀಸಿಗೆ ಅಂತ ಈ ಕಟ್ಟಡದ ಜಗುಲಿ ಕೊಟ್ಟಿದ್ದಾರೆ, ಕರೆಂಟಿನ ಖರ್ಚನ್ನು ನಾವೇ ಕಟ್ಟಿದ್ದೇವೆ. ಸಂಘದಿಂದ ನಾವು ನಿಜವಾಗಿ ಪಡೆದುಕೊಂಡದ್ದು ಅದರ ಕಾನೂನು. ಆ ಕಾನೂನು ಇಲ್ಲದಿದ್ದರೆ ಈ ನಾಟಕ ಇವತ್ತು ಇರುತ್ತಿರಲಿಲ್ಲ. ಅದನ್ನು ಹೇಳುವುದಕ್ಕೇ ನಾವು ಇಲ್ಲಿ ನಿಂತಿರುವುದು.

ನಮ್ಮ ತುಮಕೂರು ಸೀಮೆಗೆ ನಾಟಕ ಹೊಸದಲ್ಲ. 1884ರಲ್ಲಿ ಗುಬ್ಬಿಯಲ್ಲಿ ನಾಟಕದ ಹುಚ್ಚಿದ್ದ ಕೆಲವರು ಸೇರಿ ಒಂದು ತಂಡ ಕಟ್ಟಿದರು. ಅದೇ ಮುಂದೆ ಗುಬ್ಬಿ ಕಂಪನಿ ಎಂದು ನಾಡಿಗೆಲ್ಲ ಹೆಸರಾಯಿತು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಎಂಬ ಹೆಸರಿನಲ್ಲೇ ‘ಸಂಘ’ ಇದೆ ನೋಡಿ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ನಮ್ಮ ನಾಡಿನ ಮೊದಲ ಸಹಕಾರ ಸಂಘವನ್ನು ಹುಟ್ಟುಹಾಕಿದ್ದು 1905ರಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ ನಮ್ಮ ಪಕ್ಕದ ಗುಬ್ಬಿಯವರು ನಾಟಕಕ್ಕಾಗಿ ಒಂದುಗೂಡಿದ್ದರು.

ಆ ಕಂಪನಿಗೆ ಚಿಕ್ಕ ಹುಡುಗನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರೇ ಆದರು. 1934ರಲ್ಲಿ ಅವರು ‘ಕುರುಕ್ಷೇತ್ರ’ ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆ ಬಂದವೆಂದು ನಮ್ಮ ಅಜ್ಜಂದಿರು ಸಾಯುವವರೆಗೂ ಹೇಳುತ್ತಿದ್ದರು. ವೀರಣ್ಣನವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ಕಲೆಯೇ ಕಾಯಕ’. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತರು, ಇವರೆಲ್ಲ ಆ ಕಂಪನಿಯ ಅನ್ನ ಉಂಡವರು. 1954ರಲ್ಲಿ ‘ಬೇಡರ ಕಣ್ಣಪ್ಪ’ ಸಿನಿಮಾದಲ್ಲಿ ರಾಜಣ್ಣ ನಾಯಕರಾದರಲ್ಲ, ಆ ಗಂಟಲು ಪಳಗಿದ್ದು ನಾಟಕದ ಹಲಗೆಯ ಮೇಲೆ.

ಗುಬ್ಬಿ ಕಂಪನಿಯ ನಾಟಕಗಳಲ್ಲಿ ಜನ ಮತ್ತೆ ಮತ್ತೆ ಕೇಳಿ ಆಡಿಸಿದ್ದು ‘ಸದಾರಮೆ’. ಅದರಲ್ಲಿ ವೀರಣ್ಣನವರದು ಕಳ್ಳನ ಪಾತ್ರ. 1935ರಲ್ಲಿ ಇದೇ ಕಥೆ ಟಾಕಿ ಸಿನಿಮಾ ಆದಾಗಲೂ ಅದರಲ್ಲಿ ಅವರು ಇದ್ದರು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ, ಅಂದರೆ ಸಿನಿಮಾದವರು ಎರಡನೇ ವರ್ಷಕ್ಕೇ ಸದಾರಮೆಯನ್ನು ಹುಡುಕಿಕೊಂಡು ಬಂದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರೂ ನಮ್ಮ ಕಾಲದಲ್ಲಿ ಇದನ್ನು ಮತ್ತೆ ಆಡಿ ತೋರಿಸಿದ್ದಾರೆ. ಹೀಗಾಗಿ ನಾವೇನೋ ಸತ್ತುಹೋದದ್ದನ್ನು ಬದುಕಿಸಿದೆವು ಎಂದು ಬೀಗುವುದಕ್ಕೆ ಬರುವುದಿಲ್ಲ. ಹಳ್ಳಿಯಲ್ಲಿ ನಿಂತುಹೋಗಿದ್ದದ್ದನ್ನು ಹಳ್ಳಿಯಲ್ಲೇ ಮತ್ತೆ ಎಬ್ಬಿಸಿದ್ದೇವೆ, ಅಷ್ಟೆ.

ಕಥೆ ಹಿರಿಯರಿಗೆ ಗೊತ್ತು, ಹುಡುಗರಿಗಾಗಿ ಚುಟುಕಾಗಿ ಹೇಳುತ್ತೇವೆ. ರಾಜಕುಮಾರ ಜಯವೀರ ಒಬ್ಬ ವರ್ತಕನ ಮಗಳು ಸದಾರಮೆಯನ್ನು ಮೆಚ್ಚುತ್ತಾನೆ. ಹುಡುಗಿಯ ಅಪ್ಪ ದುರಾಸೆಯ ಮನುಷ್ಯ. ಮಗಳು ಬೇಕಾದರೆ ರಾಜ್ಯವನ್ನೇ ತನ್ನ ಹೆಸರಿಗೆ ಬರೆದುಕೊಡಿ ಅನ್ನುತ್ತಾನೆ. ಮಗನ ಮೇಲಿನ ಮೋಹಕ್ಕೆ ರಾಜ ಬರೆದುಕೊಡುತ್ತಾನೆ. ಮದುವೆಯಾಗುತ್ತದೆ, ಗಂಡ ಹೆಂಡತಿ ಬೀದಿ ಪಾಲಾಗುತ್ತಾರೆ. ಬೇರೊಬ್ಬ ರಾಜನ ಕಣ್ಣು ಸದಾರಮೆಯ ಮೇಲೆ ಬೀಳುತ್ತದೆ. ಅವಳು ಹೆದರಿ ಕೂರುವುದಿಲ್ಲ, ಗಂಡುವೇಷ ಹಾಕಿ ಪಾರಾಗುತ್ತಾಳೆ. ದಾರಿಯಲ್ಲಿ ಸಿಕ್ಕ ಕಳ್ಳನನ್ನೂ ಬುದ್ಧಿಯಿಂದ ಗೆಲ್ಲುತ್ತಾಳೆ.

ಇದರಲ್ಲಿ ನಗುವಿದೆ, ಅಳುವಿದೆ, ಐದು ನಿಮಿಷಕ್ಕೊಂದು ಹಾಡಿದೆ. ಓದಿದ ಹುಡುಗರು ಕೆಲವರು “ಏನಣ್ಣ ಇದು, ಅಳುವಾಗಲೂ ಹಾಡ್ತಾರೆ, ಬೀದಿ ಪಾಲಾದಾಗಲೂ ಹಾಡ್ತಾರೆ, ಎಲ್ಲಾ ಅತಿ” ಎಂದು ನಕ್ಕರು. ಅದಕ್ಕೆ ನಮ್ಮ ಉತ್ತರ ಇಷ್ಟು. ಕಂಪನಿಯವರು ಈ ನಾಟಕ ಕಟ್ಟಿದ ಕಾಲದಲ್ಲಿ ಮೈಕ್ ಇರಲಿಲ್ಲ. ಟೆಂಟಿನ ಕೊನೆಯಲ್ಲಿ ಚಾಪೆ ಹಾಸಿಕೊಂಡು ಕೂತ ಮುದುಕಿಗೂ ಮಾತು ಮುಟ್ಟಬೇಕಿತ್ತು. ಸಣ್ಣ ದನಿಯಲ್ಲಿ ಅತ್ತರೆ ಅವಳಿಗೆ ಕೇಳುವುದಿಲ್ಲ. ಎತ್ತರದ ಶ್ರುತಿ ಹಿಡಿದು ಹಾಡಿನಲ್ಲಿ ಅತ್ತರೆ ಊರಾಚೆಗೂ ಕೇಳುತ್ತದೆ. ಕೈ ಅಗಲಿಸುವುದು, ಹೆಜ್ಜೆ ಎತ್ತಿಡುವುದು, ಎಲ್ಲವೂ ದೂರದಲ್ಲಿ ಕೂತವನಿಗಾಗಿಯೇ.

ಇನ್ನೊಂದು ಕಾರಣವನ್ನು ನಾವು ಕಣ್ಣಾರೆ ಕಂಡೆವು. ರಾಜ ರಾಜ್ಯವನ್ನು ಬರೆದುಕೊಡುವ ದೃಶ್ಯ ಬಂದಾಗ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು “ರುಜು ಹಾಕಬ್ಯಾಡ ಕಣಪ್ಪೋ!” ಎಂದು ಕೂಗಿಬಿಟ್ಟರು. ಜನ ಗೊಳ್ಳೆಂದು ನಕ್ಕರು. ಆಮೇಲೆ ನೋಡಿದರೆ ನಕ್ಕವರಲ್ಲಿ ಅರ್ಧ ಜನ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಮ್ಮೂರಲ್ಲಿ ಸಾಲಕ್ಕೆ ಹೊಲ ಬರೆದುಕೊಟ್ಟ ಮನೆ ಎಷ್ಟಿಲ್ಲ? ಸಹಕಾರ ಸಂಘಗಳು ಹುಟ್ಟಿದ್ದೇ ಆ ಬರೆದುಕೊಡುವುದನ್ನು ತಪ್ಪಿಸುವುದಕ್ಕೆ ಅಲ್ಲವೇ? ಹಾಗಿರುವಾಗ ಈ ನಾಟಕ ನಮಗೆ ಹಳೆಯದು ಎಂದು ಹೇಗೆ ಹೇಳುವುದು.

ಇನ್ನು ನಾಟಕ ನಿಂತದ್ದು ಯಾಕೆ ಎನ್ನುವುದಕ್ಕೆ ಬರೋಣ. ತುಮಕೂರು, ಮಂಡ್ಯ, ಹಾಸನ, ಕೋಲಾರದ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಇವತ್ತಿಗೂ ನಡೆಯುತ್ತದೆ. ಅದರ ಖರ್ಚು ಏಳುವುದು ಪಾತ್ರದ ದುಡ್ಡಿನಿಂದ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಭೀಮನಿಗೆ ಇಷ್ಟು ಅಂತ ಗೊತ್ತುಮಾಡುತ್ತಾರೆ. ಆ ದುಡ್ಡಿನಲ್ಲಿ ಸೀನರಿ, ಮೇಷ್ಟ್ರ ಸಂಬಳ, ಹೊರಗಿಂದ ಬರುವ ಕಲಾವಿದೆಯರ ಸಂಭಾವನೆ, ಊಟ ಎಲ್ಲ ನಡೆಯಬೇಕು. ಈ ಪದ್ಧತಿಯಿಂದಲೇ ಎಷ್ಟೋ ಊರಲ್ಲಿ ನಾಟಕ ಉಳಿದಿದೆ, ಅದನ್ನು ನಾವು ಹಳಿಯುವುದಿಲ್ಲ. ಆದರೆ ನಮ್ಮೂರಲ್ಲಿ ಅದು ಹರಾಜಿನ ಮಟ್ಟಕ್ಕೆ ಹೋಯಿತು. ಒಂದೇ ಪಾತ್ರಕ್ಕೆ ಇಬ್ಬರು ಪೈಪೋಟಿಗೆ ಬಿದ್ದರು. ದುಡ್ಡಿದ್ದವರಿಗೆ ಕಿರೀಟ ಬಂತು, ಕಂಠವಿದ್ದ ಕೂಲಿಯ ಹುಡುಗ ದ್ವಾರಪಾಲಕನಾಗಿ ಈಟಿ ಹಿಡಿದು ನಿಂತ. ಪಾತ್ರದ ಜಗಳ ಕೇರಿಯ ಜಗಳವಾಯಿತು. ಅಲ್ಲಿಗೆ ನಾಟಕ ನಿಂತಿತು. ಹತ್ತು ಹನ್ನೆರಡು ವರ್ಷ ನಮ್ಮೂರ ಜಾತ್ರೆಯಲ್ಲಿ ಆರ್ಕೆಸ್ಟ್ರಾ ಬಿಟ್ಟರೆ ಬೇರೇನೂ ಆಗಲಿಲ್ಲ.

ಮತ್ತೆ ನಾಟಕ ಆಡಬೇಕು ಎಂದು ನಾವು ಕೆಲವರು ಕೂತಾಗ ಮೊದಲು ಎದ್ದ ಪ್ರಶ್ನೆ ಇದೇ, ದುಡ್ಡು ಎಲ್ಲಿಂದ, ಪಾತ್ರ ಯಾರಿಗೆ? ಆಗ ಒಬ್ಬರು ಹೇಳಿದರು, “ಡೇರಿಯಲ್ಲಿ ಹೆಂಗೆ ಮಾಡ್ತೀವೋ ಹಂಗೇ ಮಾಡೋಣ. ಒಂದು ಹಸು ಇರೋನಿಗೂ ಒಂದೇ ಓಟು, ಹತ್ತು ಹಸು ಇರೋನಿಗೂ ಒಂದೇ ಓಟು. ಹಾಲಿಗೆ ಬೆಲೆ ಕಟ್ಟೋದು ಯಾರ ಮನೆ ಹಾಲು ಅಂತ ನೋಡಿ ಅಲ್ಲ, ಮಿಷನ್ ಏನು ಹೇಳ್ತದೋ ಅದರ ಮೇಲೆ.” ಆ ಮಾತು ಎಲ್ಲರಿಗೂ ಹಿಡಿಸಿತು. ಅವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಕಟ್ಟಳೆ ಬರೆದೆವು.

ಒಂದು, ತಂಡದಲ್ಲಿ ಎಲ್ಲರದೂ ಸಮ ಷೇರು. ಹೆಚ್ಚು ಕೊಡುತ್ತೇನೆ ಎಂದರೂ ತೆಗೆದುಕೊಳ್ಳುವುದಿಲ್ಲ. ಒಂದೇ ಸಲ ಕೊಡಲಾಗದವರು ರಾಗಿ ಕೊಯ್ಲು ಮುಗಿಯುವವರೆಗೆ ಕಂತಿನಲ್ಲಿ ಕೊಡಬಹುದು.

ಎರಡು, ಪಾತ್ರ ಕಂಠಕ್ಕೆ. ಹಾರ್ಮೋನಿಯಂ ಮುಂದೆ ನಿಂತು ಎಲ್ಲರೆದುರು ಹಾಡಬೇಕು. ಮೇಷ್ಟ್ರು ಹೇಳಿದ್ದೇ ತೀರ್ಮಾನ.

ಮೂರು, ನಾಟಕದ ನಡುವೆ ಹಾರ ಹಾಕುವುದು, ಉಂಗುರ ತೊಡಿಸುವುದು, ಮೈಕಿನಲ್ಲಿ ಹೆಸರು ಕೂಗುವುದು ಇಲ್ಲ. ಏನಿದ್ದರೂ ಮಂಗಳ ಹಾಡಿದ ಮೇಲೆ.

ನಾಲ್ಕು, ಹೊರಗಿಂದ ಬರುವ ಕಲಾವಿದೆಯರ ಸಂಭಾವನೆಯನ್ನು ಪರದೆ ಏಳುವ ಮೊದಲೇ ಕೈಗೆ ಕೊಡುವುದು.

ಐದು, ನಾಟಕವಾದ ಎಂಟು ದಿನದೊಳಗೆ ಜಮಾ ಖರ್ಚನ್ನು ಊರ ಮುಂದೆ ಓದುವುದು.

ಎರಡನೇ ಕಟ್ಟಳೆ ಬರೆದಷ್ಟು ಸುಲಭವಾಗಿ ನಡೆಯಲಿಲ್ಲ. ಹಾಡಿಸಿ ನೋಡಿದಾಗ ಜಯವೀರನ ಪಾತ್ರ ಟ್ರ್ಯಾಕ್ಟರ್ ಓಡಿಸುವ ಹುಡುಗನಿಗೆ ಬಂತು. ಮೊದಲು ದೊಡ್ಡ ಪಾತ್ರಗಳನ್ನೇ ಮಾಡಿಕೊಂಡು ಬಂದಿದ್ದ ಒಂದಿಬ್ಬರು ಎದ್ದು ಹೋದರು. “ಅವನು ರಾಜ, ನಾನು ಅವನ ಮುಂದೆ ಕೈ ಮುಗಿದು ನಿಲ್ಲಬೇಕೋ?” ಎಂದು ಕೇಳಿದ ಮಾತು ಈಗಲೂ ನಮ್ಮ ಕಿವಿಯಲ್ಲಿದೆ. ಆ ಮಾತು ಎಲ್ಲಿಂದ ಬರುತ್ತದೆ ಎಂದು ಎಲ್ಲರಿಗೂ ಗೊತ್ತು, ಬಿಡಿಸಿ ಹೇಳಬೇಕಾಗಿಲ್ಲ. ಆ ರಾತ್ರಿ ತಂಡ ಒಡೆದೇ ಹೋಯಿತು ಅಂದುಕೊಂಡೆವು. ಕಟ್ಟಳೆ ಸಡಿಲಿಸಿದ್ದರೆ ದುಡ್ಡೂ ಬರುತ್ತಿತ್ತು, ಜನರೂ ಉಳಿಯುತ್ತಿದ್ದರು. ಆದರೆ ನಾಟಕ ಮತ್ತೆ ಹಳೇ ಹರಾಜಿಗೇ ಬೀಳುತ್ತಿತ್ತು. ಸಡಿಲಿಸಲಿಲ್ಲ. ಹೋದವರಲ್ಲಿ ಒಬ್ಬರು ಎರಡನೇ ವರ್ಷ ತಾವಾಗಿಯೇ ಬಂದು ಷೇರು ಕಟ್ಟಿದರು, ಇವತ್ತು ಸೈಡ್ ಪರದೆ ಎಳೆಯುವುದು ಅವರೇ. ಇನ್ನೊಬ್ಬರು ಇನ್ನೂ ಬಂದಿಲ್ಲ. ಅವರಿಗೂ ಬಾಗಿಲು ತೆರೆದಿದೆ. ಅಂದಹಾಗೆ, ಮೇಷ್ಟ್ರು ನಮ್ಮನ್ನೂ ಹಾಡಿಸಿ ನೋಡಿ ಮಂತ್ರಿಯ ಪಾತ್ರ ಕೊಟ್ಟರು. ನಾಲ್ಕೇ ಮಾತು, ಒಂದೂ ಹಾಡಿಲ್ಲ. ಸಂಘದ ನಿರ್ದೇಶಕ ಅಂತ ಅವರು ದಾಕ್ಷಿಣ್ಯ ಮಾಡಲಿಲ್ಲ!

ಆ ಮೇಷ್ಟ್ರ ಬಗ್ಗೆ ಹೇಳದಿದ್ದರೆ ಅನ್ನದ ಋಣ ತೀರುವುದಿಲ್ಲ. ಎಂಬತ್ತು ದಾಟಿದ್ದ ಜೀವ. ಚಿಕ್ಕಂದಿನಲ್ಲಿ ಕಂಪನಿಗಳ ಜತೆ ಊರೂರು ಸುತ್ತಿ ಲೆಗ್ ಹಾರ್ಮೋನಿಯಂ ಕಲಿತವರು. ನಾವು ಅವರ ಮನೆಗೆ ಹೋದಾಗ ಒಂದು ಹಳೇ ಹಾಡಿನ ಪುಸ್ತಕ ತೆಗೆದು ಮುಂದಿಟ್ಟರು. ಹಾಳೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಅದರಲ್ಲಿ ಹಾಡಿನ ಸಾಹಿತ್ಯವಿದೆ, ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಮಾತ್ರ ಬರೆದಿದೆ. ಆ ಇಂಥ ಹಾಡು ಯಾವುದು? ಅದು ಗೊತ್ತಿದ್ದವರು ಊರಲ್ಲಿ ಅವರೊಬ್ಬರೇ. ಕಂಪನಿಯವರು ಕರ್ನಾಟಕಿ, ಹಿಂದುಸ್ತಾನಿ, ಮರಾಠಿ ನಾಟಕದ ಧಾಟಿ, ಪಾರ್ಸಿ ಧಾಟಿ ಎಲ್ಲವನ್ನೂ ತಂದು ಕನ್ನಡದ ಮಾತು ಕೂರಿಸಿದ್ದರು. ಪುಸ್ತಕ ಸಿಕ್ಕಿದರೂ ಮಟ್ಟು ಸಿಗುವುದಿಲ್ಲ, ಅದು ಗಂಟಲಿನಿಂದ ಗಂಟಲಿಗೇ ಬರಬೇಕು.

“ಹಾಡ್ತಾ ಹಾಡ್ತಾ ರಾಗ ಕಣ್ರಯ್ಯಾ” ಅಂತ ಅವರು ಒಂದೊಂದು ಸಾಲನ್ನೂ ಇಪ್ಪತ್ತು ಸಲ ಹಾಡಿಸಿದರು. ದಿನಾ ಸಂಜೆ ಎಂಟಕ್ಕೆ ಶುರು, ಹತ್ತೂವರೆಗೆ ಮುಕ್ತಾಯ, ಹೀಗೆ ನಾಲ್ಕು ತಿಂಗಳು. ಹುಡುಗರು ಮೊಬೈಲಿನಲ್ಲಿ ಅವರ ದನಿ ಹಿಡಿದಿಟ್ಟರು. ಮೊದಲ ಎರಡು ವರ್ಷ ಅವರೇ ಪೆಟ್ಟಿಗೆ ಮುಂದೆ ಕೂತರು. ಮೂರನೇ ವರ್ಷದ ನಾಟಕಕ್ಕೆ ಅವರು ಇರಲಿಲ್ಲ. ಅವರಿಗೆ ಬರುತ್ತಿದ್ದದ್ದು ಸದಾರಮೆ ಒಂದೇ ಅಲ್ಲ, ಇನ್ನೂ ಎಷ್ಟೋ ನಾಟಕದ ಹಾಡುಗಳಿದ್ದವು. ಕಲಿಯುವುದಕ್ಕೆ ನಮಗೆ ಸಿಕ್ಕಿದ್ದು ಆ ಎರಡು ವರ್ಷ. ಮಿಕ್ಕದ್ದೆಲ್ಲ ಅವರ ಜತೆಗೇ ಹೋಯಿತು. ಇವತ್ತು ಹಾರ್ಮೋನಿಯಂ ನುಡಿಸುವವನು ಅವರ ಹತ್ತಿರ ಕಲಿತ ನಮ್ಮೂರ ಹುಡುಗ.

ಇನ್ನು ಕಲಾವಿದೆಯರ ವಿಷಯ. ನಾಟಕದ ಹೆಸರೇ ಸದಾರಮೆ, ಅವಳೇ ಇಲ್ಲದೆ ನಾಟಕವಿಲ್ಲ. ಹಿಂದೆ ಗಂಡಸರೇ ಸೀರೆ ಉಟ್ಟು ಆಡುತ್ತಿದ್ದರು. ಆಮೇಲೆ ಪಟ್ಟಣದಿಂದ ವೃತ್ತಿ ಕಲಾವಿದೆಯರನ್ನು ಕರೆಸುವ ವಾಡಿಕೆ ಬಂತು. ಆ ಹೆಣ್ಣುಮಕ್ಕಳು ಒಂದು ಊರಿನ ನಾಟಕ ಮುಗಿಸಿ ಮುಖದ ಬಣ್ಣ ಒರೆಸಿಕೊಂಡು ಬೆಳಗಿನ ಬಸ್ಸು ಹಿಡಿದು ಇನ್ನೊಂದೂರಿಗೆ ಹೋಗುವವರು. ಹತ್ತಾರು ನಾಟಕದ ಮಾತು, ಹಾಡು ಅವರಿಗೆ ಬಾಯಿಪಾಠ. ಎಷ್ಟೋ ಕಡೆ ಬಟ್ಟೆ ಬದಲಾಯಿಸುವುದಕ್ಕೆ ಒಂದು ಮರೆ ಇರುವುದಿಲ್ಲ. ನಾಟಕ ಮುಗಿದ ಮೇಲೆ ದುಡ್ಡಿಗಾಗಿ ಬೆಳಗಿನವರೆಗೆ ಕಾಯಬೇಕು, ಕುಡಿದು ಬಂದವರ ಮಾತು ಕೇಳಬೇಕು. ನಮ್ಮ ಮನೆಯ ಹೆಣ್ಣುಮಕ್ಕಳನ್ನು ಹಾಗೆ ನಡೆಸಿಕೊಂಡರೆ ನಾವು ಸುಮ್ಮನಿರುತ್ತೇವೆಯೇ? ಅದಕ್ಕೇ ನಾಲ್ಕನೇ ಕಟ್ಟಳೆ. ಅವರಿಗೆ ಮನೆಯೊಂದರಲ್ಲಿ ಬಾಗಿಲು ಚಿಲಕ ಇರುವ ಕೋಣೆ, ಮನೆಯವರ ಜತೆ ಊಟ, ಬೆಳಿಗ್ಗೆ ಬಸ್ ಸ್ಟ್ಯಾಂಡಿನವರೆಗೆ ನಮ್ಮ ಗಾಡಿ. ಇದು ಉಪಕಾರ ಅಲ್ಲ, ದುಡಿದವರಿಗೆ ಸಲ್ಲಬೇಕಾದದ್ದು. ಹಾಲು ಹಾಕಿದವನಿಗೆ ಬಟವಾಡೆ ತಡವಾದರೆ ನಾವು ಈ ಕಟ್ಟಡದ ಮುಂದೆ ಎಷ್ಟು ಗಲಾಟೆ ಮಾಡುತ್ತೇವೆ, ಯೋಚಿಸಿ.

ಕಳೆದ ವರ್ಷದಿಂದ ಇನ್ನೊಂದು ಬದಲಾವಣೆಯಾಗಿದೆ. ದಿನಾ ಕ್ಯಾನು ಹೊತ್ತು ತಂದು ಇಲ್ಲಿ ಹಾಲು ಹಾಕುವ ನಮ್ಮ ಸಂಘದ ಸದಸ್ಯೆಯೊಬ್ಬರು ರಾಣಿಯ ಪಾತ್ರ ಮಾಡುತ್ತಿದ್ದಾರೆ. ಮದುವೆ ಮನೆಯಲ್ಲಿ ಸೋಬಾನೆ ಹೇಳುವ ಅವರ ಗಂಟಲು ಊರಿಗೇ ಗೊತ್ತಿತ್ತು. “ಹಾಡು ಹೇಳ್ಲಿ ಬೇಕಾದ್ರೆ, ಬಣ್ಣ ಮಾತ್ರ ಬ್ಯಾಡ” ಎಂದು ಅವರ ಅತ್ತೆಮ್ಮ ಪಟ್ಟು ಹಿಡಿದಿದ್ದರು. ಪಟ್ಟಣದಿಂದ ಬಂದ ಕಲಾವಿದೆ ಅದೇ ಮನೆಯಲ್ಲಿ ಉಳಿದುಕೊಂಡು, ಅತ್ತೆಮ್ಮನ ಜತೆ ಕೂತು ಅವರೇಕಾಯಿ ಬಿಡಿಸುತ್ತಾ ತನ್ನ ಮಕ್ಕಳ ಓದಿನ ವಿಷಯ, ತನ್ನ ಕಷ್ಟಸುಖ ಎಲ್ಲ ಹೇಳಿಕೊಂಡರಂತೆ. ಮಾರನೇ ದಿನ ಅತ್ತೆಮ್ಮನೇ ಸೊಸೆಯನ್ನು ಪ್ರಾಕ್ಟೀಸಿಗೆ ಕರೆತಂದರು. ನಾವು ಹತ್ತು ಸಲ ಹೋಗಿ ಕೇಳಿದ್ದಕ್ಕೆ ಆಗದ ಕೆಲಸ ಅದು.

ಹಳೆಯದನ್ನು ಇದ್ದಂತೆಯೇ ಆಡುತ್ತೇವೆ ಎಂದು ನಾವು ಹೇಳುವುದಿಲ್ಲ. ಮೊದಲು ರಾತ್ರಿ ಹತ್ತಕ್ಕೆ ಶುರುವಾದರೆ ಮಂಗಳ ಹಾಡುವಾಗ ಕೋಳಿ ಕೂಗುತ್ತಿತ್ತು. ಈಗ ಹಾಗೆ ಆಡಿದರೆ ಬೆಳಿಗ್ಗೆ ಹಾಲು ಕರೆಯುವವರು ಯಾರು? ಹಸುವಿಗೆ ನಾಟಕ ಗೊತ್ತಿಲ್ಲ, ಕೆಚ್ಚಲು ತುಂಬಿದ ಹೊತ್ತಿಗೆ ಅಂಬಾ ಎನ್ನುತ್ತದೆ. ಅದಕ್ಕೇ ಏಳೂವರೆಗೆ ಶುರುಮಾಡಿ ಹನ್ನೊಂದೂವರೆಯೊಳಗೆ ಮುಗಿಸುತ್ತೇವೆ. ಮಾತು ಕಡಿಮೆ ಮಾಡಿದ್ದೇವೆ, ಹಾಡು ಕಡಿಮೆ ಮಾಡಿಲ್ಲ. ಕಳ್ಳನ ದೃಶ್ಯಕ್ಕಂತೂ ಕತ್ತರಿ ತಾಗಿಸಿಲ್ಲ. ಕೆಲವು ಹಿರಿಯರಿಗೆ ಇದು ಸಮಾಧಾನವಿಲ್ಲ, “ಊಟಕ್ಕೆ ಕೂರಿಸಿ ಮಜ್ಜಿಗೆಗೆ ಮೊದಲೇ ಎಬ್ಬಿಸಿದಿರಿ” ಎಂದರು. ಅವರ ಮಾತಿನಲ್ಲೂ ನ್ಯಾಯವಿದೆ. ಶಿವರಾತ್ರಿಯ ಜಾಗರಣೆಗೆ ಒಂದು ಸಲ ಪೂರ್ತಿ ಆಡಿ ತೋರಿಸುತ್ತೇವೆ ಎಂದು ಈ ವೇದಿಕೆಯಿಂದಲೇ ಮಾತು ಕೊಡುತ್ತೇವೆ.

ಬಂಧುಗಳೇ, ಕೊನೆಯದಾಗಿ ನಮ್ಮ ಕೋರಿಕೆ ಎರಡು. ಮೊದಲನೆಯದು ಸುತ್ತಮುತ್ತಲ ಊರುಗಳಿಂದ ಬಂದಿರುವವರಿಗೆ. ನಿಮ್ಮ ಊರಲ್ಲೂ ಯಾವುದೋ ಮನೆಯ ಪಡಸಾಲೆಯಲ್ಲಿ ಒಬ್ಬ ಹಳೇ ಹಾರ್ಮೋನಿಯಂ ಮೇಷ್ಟ್ರು, ಒಬ್ಬ ಹಳೇ ಪಾತ್ರಧಾರಿ, ಕಂಪನಿ ನಾಟಕದ ಹಾಡು ಬಲ್ಲ ಒಬ್ಬ ಅಜ್ಜಿ ಇರಬಹುದು. ನಾಟಕ ಆಡುವುದು ಆಮೇಲಿರಲಿ, ಮೊದಲು ಹೋಗಿ ಕೂತು ಹಾಡಿಸಿ, ಮೊಬೈಲಿನಲ್ಲಿ ಹಿಡಿದಿಡಿ, ಯಾವ ನಾಟಕದ್ದು, ಯಾವ ಮಟ್ಟು ಎಂದು ಬರೆದಿಡಿ. ಈ ಕೆಲಸ ಮುಂದಿನ ಜಾತ್ರೆಯವರೆಗೆ ಕಾಯುವಂಥದ್ದಲ್ಲ.

ಎರಡನೆಯದು ನಮ್ಮೂರಿನ ತಂದೆ ತಾಯಿಗಳಿಗೆ. ನಮ್ಮ ತಂಡಕ್ಕೆ ಕಲಿಯಲು ಬರುವ ಹುಡುಗಿಯರಲ್ಲಿ ಇಬ್ಬರಿಗೆ ಒಳ್ಳೇ ಕಂಠವಿದೆ, ಮಾತೂ ಸ್ಪಷ್ಟ. ಮುಂದೊಂದು ವರ್ಷ ಸದಾರಮೆ ನಮ್ಮೂರಿನ ಮಗಳೇ ಆಗಬೇಕೆಂಬುದು ನಮ್ಮ ಆಸೆ. ಪಟ್ಟಣದ ಕಲಾವಿದೆಯ ಕೆಲಸ ಕಿತ್ತುಕೊಳ್ಳುವುದಕ್ಕಲ್ಲ, ಆ ತಾಯಿ ತಾನೇ ಮುಂದೆ ಬಂದು ಕಲಿಸುತ್ತೇನೆ ಎಂದಿದ್ದಾರೆ, ಕಲಿಸಿದ್ದಕ್ಕೂ ಸಂಭಾವನೆ ಗೊತ್ತುಮಾಡಿದ್ದೇವೆ. ಆದರೆ ಮನೆಯವರು ಒಪ್ಪಬೇಕು. ಒಪ್ಪದಿದ್ದರೆ ಒತ್ತಾಯವಿಲ್ಲ. ಇವತ್ತು ನಾಟಕ ನೋಡಿ, ನಮ್ಮ ನಡವಳಿಕೆ ನೋಡಿ, ಆಮೇಲೆ ತೀರ್ಮಾನ ಮಾಡಿ.

ಇಪ್ಪತ್ತೈದು ವರ್ಷದ ಹಿಂದೆ ಈ ಸಂಘ ಶುರುವಾದಾಗಲೂ “ಇದು ನಾಲ್ಕು ದಿನ ನಡೆಯೋದಿಲ್ಲ” ಎಂದವರಿದ್ದರು. ಅಳತೆ ಸರಿಯಾಗಿತ್ತು, ಲೆಕ್ಕ ಸರಿಯಾಗಿತ್ತು, ಅದಕ್ಕೇ ನಡೆಯಿತು. ನಾಟಕದ ತಂಡವೂ ಹಾಗೆಯೇ ನಡೆಯಲಿ ಎಂದು ಹರಸಿ. ಇವತ್ತಿನ ನಾಟಕದ ಜಮಾ ಖರ್ಚನ್ನು ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇದೇ ಜಗುಲಿಯಲ್ಲಿ ಓದುತ್ತೇವೆ, ಎಲ್ಲರೂ ಬರಬೇಕು.

ಹಾರ್ಮೋನಿಯಂ ಶ್ರುತಿ ಕೇಳಿಸುತ್ತಿದೆ. ಮಂತ್ರಿಯ ಪೇಟ ಕಟ್ಟಿಸಿಕೊಳ್ಳಲು ನಾವೂ ಒಳಗೆ ಹೋಗಬೇಕು. 

ಜೈ ಸಹಕಾರ.